ಎರಡನೇ ದನಿಯ ಜಾಗ

ನನ್ನ ಮನೆಗೂ ನನ್ನ ತಮ್ಮನ ಮನೆಗೂ ನಡುವೆ ಗೋಡೆ ಎಬ್ಬಿಸಿದವನು ಒಬ್ಬ ಇಂಗ್ಲಿಷಿನವನು. ಹೆಸರು ಕ್ಲೈವ್ ಹ್ಯಾಸ್ಲಮ್. ರಾಕ್ ಹಾಡು ಬರೆದು ಹಾಡುವುದು ಅವನ ಕಸುಬು. ಎಪ್ಪತ್ತು ದಾಟಿದ ಮುದುಕ. ಕುವೈತಿನ ಹವಲ್ಲಿಯಲ್ಲಿ, ಮೊಬೈಲ್ ಅಂಗಡಿಗಳ ಮೇಲಿನ ಮೂರನೇ ಮಹಡಿಯಲ್ಲಿ, ವೈಲೆಟ್ ಎಂಬ ನರ್ಸ್ ಒಬ್ಬಳು ತನಗೆ ಹನ್ನೊಂದು ವರ್ಷದಿಂದ ಶಾಪ ಹಾಕುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿಲ್ಲ. ಆ ವೈಲೆಟ್ ನಾನು.

ನನ್ನ ಗಂಡ ಯೂಜಿನ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ತಮ್ಮ ರಾನ್ಸನ್ ಸುಲೈಬಿಯಾದ ಒಂದು ತರಕಾರಿ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಇಬ್ಬರೂ ಊರಿನ ಒಂದೇ ಇಗರ್ಜಿಯಲ್ಲಿ ಮೀಸೆ ಮೂಡುವ ಮೊದಲೇ ಹಾಡಲು ನಿಂತವರು. ರಾನ್ಸನ್ ಕೈತಪ್ಪಿ ಹೋಗದಿರಲಿ ಎಂದೇ ಯೂಜಿನ್ ನನ್ನನ್ನು ಮದುವೆಯಾದದ್ದು ಎಂದು ನಾನು ಹಿಂದೆಲ್ಲ ತಮಾಷೆ ಮಾಡುತ್ತಿದ್ದೆ. ಆಮೇಲೆ ಆ ತಮಾಷೆ ಬಿಟ್ಟೆ.

ನಮ್ಮ ಕೊಂಕಣಿ ಕ್ರೈಸ್ತರಿಗೆ ಒಂದು ಚಟವಿದೆ. ಒಬ್ಬ ಬಾಯಿ ತೆರೆದು ಹಾಡಿದರೆ ಪಕ್ಕದವನು ಅದೇ ರಾಗ ಹಾಡುವುದಿಲ್ಲ; ಅದರ ಕೆಳಗೆ ಇನ್ನೊಂದು ದನಿ ಹಿಡಿದು ಜೊತೆಗೆ ನಡೆಯುತ್ತಾನೆ. ಮೇಲಿನದು ಫಸ್ಟ್, ಕೆಳಗಿನದು ಸೆಕೆಂಡ್. ಮದುವೆಯಿರಲಿ, ಮರಣವಿರಲಿ, ಪಿಕ್‌ನಿಕ್ ಬಸ್ಸಿರಲಿ, ಎಲ್ಲ ಕಡೆಯೂ ಹೀಗೆಯೇ. ಯೂಜಿನ್ ಯಾವಾಗಲೂ ಫಸ್ಟ್, ರಾನ್ಸನ್ ಯಾವಾಗಲೂ ಸೆಕೆಂಡ್. ಇಬ್ಬರೂ ಕುವೈತಿಗೆ ಬಂದ ಮೇಲೆ ಡ್ರಮ್ಸಿಗೆ ಕೊನ್ರಾಡ್, ಕೀಬೋರ್ಡಿಗೆ ರೋಕ್ ಸೇರಿಕೊಂಡು ‘ಹಾರ್ಬರ್ ಫೋರ್’ ಎಂಬ ಬ್ಯಾಂಡ್ ಕಟ್ಟಿದರು. ಹದಿನಾಲ್ಕು ವರ್ಷ ಇಲ್ಲಿ ನಮ್ಮವರ ಮದುವೆಗಳೆಲ್ಲ ಅವರ ಹಾಡಿನಿಂದಲೇ ನಡೆದವು.

ಜನರನ್ನು ಕುಣಿಸುವ ಬಾಯ್ಲಾ ಹಾಡುಗಳ ನಡುವೆ ಇವರು ಸಂದಿ ಸಿಕ್ಕಿದಾಗೆಲ್ಲ ಹ್ಯಾಸ್ಲಮನ ಹಳೆಯ ಬ್ಯಾಂಡ್ ‘ಗ್ರೇ ಪೈಲಟ್ಸ್’ನ ಹಾಡು ತೂರಿಸುತ್ತಿದ್ದರು. ಅದರಲ್ಲಿ ಹ್ಯಾಸ್ಲಮ್ ಫಸ್ಟ್ ಹಾಡುತ್ತಿದ್ದ, ಟಾಮ್ ಪೆಲ್ಲೊ ಎಂಬ ಗಿಟಾರಿನವನು ಸೆಕೆಂಡ್. ಅವರ ಹಾಡಿಗೊಂದು ಗುರುತಿತ್ತು. ಪಲ್ಲವಿಯ ಕೊನೆಗೆ ಫಸ್ಟ್ ತಟ್ಟನೆ ನಿಲ್ಲುತ್ತದೆ, ಸೆಕೆಂಡ್ ಒಂದೇ ಒಂದು ಸಾಲನ್ನು ಒಬ್ಬಂಟಿಯಾಗಿ ಹಾಡುತ್ತದೆ, ಆಮೇಲೆ ಇಬ್ಬರೂ ಕೂಡುತ್ತಾರೆ. ಕೇಳಿದರೆ ನನ್ನಂಥವಳಿಗೂ ಮೈ ಜುಂ ಎನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಅದೇ ಉಪಾಯವನ್ನು ಇವರಿಬ್ಬರೂ ಇಗರ್ಜಿಯ ಗೀತೆಗಳಿಗೂ ಹಚ್ಚಿದ್ದರು, ಕೊಂಕಣಿಯಲ್ಲಿ ಒಂದು ಹಾಡನ್ನೂ ಕಟ್ಟಿದ್ದರು. ರಾನ್ಸನ್ ಮತ್ತು ಲೊರೈನಳ ಮದುವೆಯ ಹೊತ್ತಿನಲ್ಲಿ ಕಟ್ಟಿದ್ದು. ಮಾತೆಲ್ಲ ಯೂಜಿನನದು, ಒಂದು ಸಾಲನ್ನು ಬಿಟ್ಟು. ಸೆಕೆಂಡ್ ಒಬ್ಬಂಟಿಯಾಗಿ ಹಾಡುವ ಆ ಸಾಲನ್ನು ರಾನ್ಸನ್ ತಾನೇ ಬರೆದುಕೊಂಡ. ಕನ್ನಡದಲ್ಲಿ ಹೇಳಿದರೆ ಅದು ಇಷ್ಟೆ: ನೀನು ಬರುವ ತನಕ ಹಂದರ ಬಿಚ್ಚುವುದಿಲ್ಲ. ಮದುವೆಯ ಮುನ್ನಾದಿನದ ರೋಸ್‌ನಲ್ಲಿ, ಮದುಮಗಳ ತಲೆಗೆ ತೆಂಗಿನಹಾಲು ಹಚ್ಚುವ ಹೊತ್ತಿಗೆ ಆ ಹಾಡು ಬಂದರೆ ಗಟ್ಟಿಗಿತ್ತಿಯರೂ ಸೆರಗು ಹುಡುಕುತ್ತಿದ್ದರು.

ಹ್ಯಾಸ್ಲಮ್ ತನ್ನ ಬ್ಯಾಂಡ್ ಬಿಟ್ಟು ಒಬ್ಬನೇ ಹಾಡಲು ಹೊರಟದ್ದು ನಮ್ಮ ಚಿಕ್ಕಂದಿನಲ್ಲಿ. ಬ್ಯಾಂಡಿಗೆ ಒಳ್ಳೆಯ ಹೆಸರು ಬಂದಿದ್ದಾಗಲೇ ಹೊರಟ. ಮೊದಲ ಆಲ್ಬಮ್ ಹಳೆಯ ಹೆಸರಿನ ಬಲದಲ್ಲಿ ಮಾರಾಟವಾಯಿತಂತೆ. ಎರಡನೆಯದರಲ್ಲಿ ಇಗರ್ಜಿಯ ಆರ್ಗನ್, ಮಕ್ಕಳ ಗುಂಪು ಎಲ್ಲ ತಂದಿಟ್ಟ, ಯಾರೂ ಕೊಳ್ಳಲಿಲ್ಲ. ಇನ್ನೊಂದನ್ನು ತನ್ನ ಅಡುಗೆಮನೆಯಲ್ಲೇ ಕೂತು ರೆಕಾರ್ಡ್ ಮಾಡಿದ. ಒಂದು ಹಾಡಿನ ನಡುವೆ ನೀರು ಕುದಿಯುವ ಸದ್ದು ಕೇಳುತ್ತದೆ. ಆಮೇಲೆ ಸಣ್ಣ ಊರುಗಳ ಪಬ್ಬುಗಳಲ್ಲಿ, ಕೊನೆಕೊನೆಗೆ ಒಂದೇ ಗಿಟಾರ್ ಹಿಡಿದು ಹಾಡಿದ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಯೂಜಿನ್ ಒಂದನ್ನೂ ಬಿಡದೆ ತರಿಸಿಕೊಂಡು ಕೇಳಿದ್ದಾನೆ, ನನ್ನ ಕಿವಿಗೂ ಸುರಿದಿದ್ದಾನೆ. ರಾನ್ಸನ್ ಮಾತ್ರ ಒಂದನ್ನೂ ಮುಟ್ಟಲಿಲ್ಲ. ಪೆಲ್ಲೊನನ್ನು ನಡುನೀರಿನಲ್ಲಿ ಬಿಟ್ಟು ಹೋದವನ ಹಾಡು ತನಗೆ ಬೇಡ ಎನ್ನುತ್ತಿದ್ದ. ಆಗ ಇದು ಭಾವ ಮೈದುನರ ನಡುವಿನ ಸಣ್ಣ ಜಗಳ, ಊಟದ ಹೊತ್ತಿಗೆ ಮುಗಿಯುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಶುಕ್ರವಾರ ಕೊನ್ರಾಡನ ಮನೆಯಲ್ಲಿ ಪ್ರಾಕ್ಟೀಸ್ ಮುಗಿದ ಮೇಲೆ ಯೂಜಿನ್ ಹೇಳಿದ, “ಇನ್ನು ನಾನು ಒಬ್ಬನೇ ಹಾಡ್ತೇನೆ. ಲ್ಯಾಪ್‌ಟಾಪಿನಲ್ಲಿ ಮ್ಯೂಸಿಕ್ ಹಾಕಿದ್ರೆ ಆಯ್ತು. ನನ್ನದೇ ಹಾಡು ಉಂಟು ಒಂದಷ್ಟು. ಹ್ಯಾಸ್ಲಮನಿಗೆ ಆಗಿದ್ದು ನನಗೆ ಯಾಕೆ ಆಗ್ಬಾರ್ದು?”

ರಾನ್ಸನ್ ಗಿಟಾರನ್ನು ಚೀಲಕ್ಕೆ ತುಂಬುತ್ತಿದ್ದ. ತಲೆ ಎತ್ತಲಿಲ್ಲ. “ಹದಿನಾಲ್ಕು ವರ್ಷ ನಿನ್ನ ಕೆಳಗೆ ಹಾಡಿದೆ ಭಾವ. ಒಂದು ದಿನ ಫಸ್ಟ್ ಬೇಕು ಅಂತ ಕೇಳ್ಲಿಲ್ಲ.”

“ಕೇಳಿದ್ರೆ ಕೊಡ್ತಿದ್ದೆ ಮಾರಾಯ.”

“ಅದನ್ನು ಕೇಳ್ಬೇಕಾ?” ಅಂದ ರಾನ್ಸನ್. ಮತ್ತೆ, “ನೀನೂ ಅವನ ಹಾಗೆಯೇ,” ಅಂದ. ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಅಂದಿನಿಂದ ಇವರಿಬ್ಬರ ನಡುವೆ ಮಾತಿಲ್ಲ. ಅಮ್ಮನ ಮಣ್ಣಿಗೆ ಊರಿಗೆ ಹೋದಾಗ ಕೂಡ ಒಬ್ಬ ಗುಂಡಿಯ ಆಚೆ ನಿಂತ, ಒಬ್ಬ ಈಚೆ ನಿಂತ. ನಾನು ತಲೆಯ ಹತ್ತಿರ ನಿಂತು ಇಬ್ಬರ ಮುಖವನ್ನೂ ನೋಡಿದೆ. ಅಳುವುದರ ಮಧ್ಯೆಯೂ ನನಗೆ ಸಿಟ್ಟು ಬಂದಿತ್ತು.

ಯೂಜಿನನ ಒಂಟಿ ಹಾಡಿನ ಬಾಳು ಆ ಇಂಗ್ಲಿಷಿನವನಷ್ಟೂ ನಡೆಯಲಿಲ್ಲ. ಎರಡು ವರ್ಷ ಕರೆ ಬಂತು, ಆಮೇಲೆ ಜನ ಡಿಜೆ ಕರೆಸತೊಡಗಿದರು. ಈಗ ಅಪರೂಪಕ್ಕೆ ಯಾರದೋ ರೋಸ್‌ನಲ್ಲಿ ಹಂದರದ ಹಾಡು, ಮತ್ತೆ ಇಗರ್ಜಿಯ ಶುಕ್ರವಾರದ ಕೊಂಕಣಿ ಪೂಜೆಯಲ್ಲಿ ಪರಮಪ್ರಸಾದದ ಹೊತ್ತಿನ ಗೀತೆ. ರಾನ್ಸನ್ ಆ ಪೂಜೆಗೆ ಬರುವುದಿಲ್ಲ. ಅಬ್ಬಾಸಿಯಾದಲ್ಲಿ ತನ್ನ ಮನೆಯ ಹತ್ತಿರ ಬೆಳಗಿನ ಇಂಗ್ಲಿಷ್ ಪೂಜೆಗೆ ಹೋಗುತ್ತಾನೆ. ಅಬ್ಬಾಸಿಯಾಕ್ಕೂ ಹವಲ್ಲಿಗೂ ಅರ್ಧ ಗಂಟೆಯ ದಾರಿ, ಆದರೂ ಅವನು ಹನ್ನೊಂದು ವರ್ಷ ಅತ್ತಕಡೆಯೇ ಉಳಿದ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಒಬ್ಬನೇ ಹಾಡತೊಡಗಿದ ಮೇಲೆ ಯೂಜಿನ್ ಹಾಡಿನ ನಡುವೆ ನಿಲ್ಲತೊಡಗಿದ. ಗೀತೆ ಸರಾಗವಾಗಿ ಹೋಗುತ್ತಿರುತ್ತದೆ, ಇದ್ದಕ್ಕಿದ್ದಂತೆ ಒಂದು ಸಾಲು ಹಾರಿಹೋಗುತ್ತದೆ, ಕೀಬೋರ್ಡ್ ಮಾತ್ರ ಕೇಳುತ್ತದೆ, ಮತ್ತೆ ಇವನ ದನಿ. ನಮ್ಮ ಜನ ಖಾಲಿ ಜಾಗ ಸಹಿಸುವವರಲ್ಲ. ಕ್ವಾಯರ್ ನೋಡಿಕೊಳ್ಳುವ ಸಿಸಿಲಿಯಾ ಒಮ್ಮೆ ಆ ಸಂದಿಯಲ್ಲಿ ತನ್ನ ದನಿ ತುಂಬಿಸಿದಳು. ಯೂಜಿನ್ ಹಾಡನ್ನೇ ನಿಲ್ಲಿಸಿ ಅವಳನ್ನು ದುರುಗುಟ್ಟಿ ನೋಡಿದ. ಪಾದ್ರಿಗಳು ಪರಮಪ್ರಸಾದದ ಪಾತ್ರೆ ಹಿಡಿದುಕೊಂಡೇ ತಿರುಗಿ ನೋಡಿದರು. ಅಂದಿನಿಂದ ಇವನಿಗೆ ‘ಸೋಲೊ ಯೂಜಿನ್’ ಎಂಬ ಅಡ್ಡಹೆಸರು ಬಿತ್ತು. ಅಹಂಕಾರ ಎಂದರು. ನಾನು ನರ್ಸ್, ನನಗೆ ಅಹಂಕಾರದ ಮೇಲೆ ಅನುಮಾನ ಬರಲಿಲ್ಲ, ಶ್ವಾಸಕೋಶದ ಮೇಲೆ ಬಂತು. ರಿಫೈನರಿಯ ಹೊಗೆ ಎಂದುಕೊಂಡು ಕೈಹಿಡಿದು ಎಳೆದೊಯ್ದು ಎದೆಯ ಎಕ್ಸ್‌ರೇ ತೆಗೆಸಿದೆ, ಊದುವ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿತ್ತು. “ಎಂತ ಆಗಿದೆ ನಿನಗೆ?” ಎಂದು ಕೇಳಿದರೆ “ಎಂತ ಇಲ್ಲ” ಎಂದ. ಗಂಡಸರ ಬಾಯಲ್ಲಿ ಆ ಎರಡು ಶಬ್ದ ಕೇಳಿ ಕೇಳಿ ನನಗೆ ಸಾಕಾಗಿದೆ.

ಹೀಗಿರುವಾಗ ಈ ವರ್ಷ ನಮ್ಮ ಮಗಳು ರಿಯೋನಾಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಸ್ಯಾಮುವೆಲ್ ಕೂಡ ಇಲ್ಲಿಯೇ ಬ್ಯಾಂಕಿನಲ್ಲಿದ್ದಾನೆ. ಎಲ್ಲರಿಗೂ ಒಟ್ಟಿಗೆ ರಜೆ ಸಿಗದೆ ಮದುವೆ ಕುವೈತಿನಲ್ಲೇ ಎಂದಾಯಿತು. ನಮ್ಮ ಮನೆತನದಲ್ಲಿ ರೋಸ್‌ನ ದಿನ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ತೆಂಗಿನಹಾಲು ಹಚ್ಚಿ ಆದ ಮೇಲೆ ಎಬ್ಬಿಸಿ ಕರೆದೊಯ್ಯುವವನೂ ಅವನೇ. ಅಮ್ಮನ ಕೈಯನ್ನು ಅವಳ ಮಾವ ಹಿಡಿದಿದ್ದ, ನನ್ನ ಕೈಯನ್ನು ನನ್ನ ಮಾವ ಹಿಡಿದಿದ್ದ. ರಿಯೋನಾಳಿಗೆ ಇರುವುದು ಒಬ್ಬನೇ ಮಾವ. ಅವನು ಬರಬೇಕು, ಬಂದರೆ ಅನಾಥನಂತೆ ಮೂಲೆಯಲ್ಲಿ ನಿಲ್ಲಬಾರದು. ಈ ಮದುವೆಯಲ್ಲಿ ನನಗೆ ಬೇಕಿದ್ದದ್ದು ಅದೊಂದೇ. ಸೀರೆ, ಕೇಕ್, ಹಾಲ್, ಉಳಿದದ್ದೆಲ್ಲ ಹೇಗಾದರೂ ಆಗಲಿ.

ಮಾವನ ಮನೆಗೆ ಮೊದಲ ಕರೆ ಹೋಗಬೇಕು, ಗಂಡ ಹೆಂಡತಿ ಇಬ್ಬರೂ ಹೋಗಬೇಕು. ನಾನು ಒಬ್ಬಳೇ ಹೋದೆ. ಲೊರೈನ್ ಬಾಗಿಲು ತೆರೆದವಳು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ರಾನ್ಸನ್ ಕೂಡ ನೋಡಿದ.

“ಭಾವ ಬರ್ಲಿಲ್ವಾ?”

“ಡ್ಯೂಟಿ ಉಂಟು.”

“ಶುಕ್ರವಾರ ರಜೆಯ ದಿನ ಕೂಡ?” ಎಂದು ನಕ್ಕ. ಚೆನ್ನಾದ ನಗುವಲ್ಲ ಅದು. “ಬಾಯ್, ಹುಡುಗಿಯ ಮೇಲೆ ನನಗೆ ಎಂತ ಬೇಜಾರಿಲ್ಲ. ಮದುವೆಗೆ ಇಗರ್ಜಿಗೆ ಬಂದು ಹಿಂದೆ ಕೂತ್ಕೊಳ್ತೇನೆ. ರೋಸ್‌ಗೆ ನನ್ನನ್ನು ಕರೀಬೇಡ. ಒಬ್ಬನೇ ಸಾಕು ಅಂದವನ ಮನೆಯಲ್ಲಿ ಕೈ ಹಿಡಿಲಿಕ್ಕೆ ನಾನ್ಯಾಕೆ?” ನಮ್ಮಲ್ಲಿ ಅಕ್ಕನಿಗೆ ಬಾಯ್ ಎನ್ನುತ್ತೇವೆ. ಅವನ ಬಾಯಲ್ಲಿ ಆ ಶಬ್ದ ಕೇಳಿದ್ದರಿಂದಲೋ ಏನೋ ನನಗೆ ಬಯ್ಯಲು ಆಗಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಮನೆಗೆ ಬಂದರೆ ಯೂಜಿನ್ ಮೇಜಿನ ಮೇಲೆ ಎರಡು ಟಿಕೆಟ್ ಇಟ್ಟುಕೊಂಡು ಕೂತಿದ್ದ. ಕ್ಲೈವ್ ಹ್ಯಾಸ್ಲಮ್ ಕುವೈತಿಗೆ ಬರುತ್ತಿದ್ದಾನೆ, ಒಂದು ಹೋಟೆಲಿನ ಹಾಲಿನಲ್ಲಿ ಒಬ್ಬನೇ ಹಾಡುತ್ತಾನೆ. ಅದೇ ವಾರ ರಿಫೈನರಿಯಲ್ಲಿ ಶಟ್‌ಡೌನ್. ಒಂದು ಯೂನಿಟ್ ನಿಲ್ಲಿಸಿ ರಿಪೇರಿ ಮಾಡುವಾಗ ಟೆಕ್ನಿಷಿಯನ್ನರಿಗೆ ರಜೆ ಎಂಬುದು ಇರುವುದಿಲ್ಲ. ನಲವತ್ತು ವರ್ಷ ಕಾದ ಮನುಷ್ಯನಿಗೆ ಆ ಒಂದು ಸಂಜೆ ತಪ್ಪಿಹೋಯಿತು. ನಾನು ಅವನನ್ನು ಎಷ್ಟು ಬೈದರೂ, ಆ ಹೊತ್ತು ಒಂದು ಲೋಟ ಚಹಾ ಮಾಡಿ ತಂದು ಅವನ ಮುಂದಿಟ್ಟೆ.

“ನೀನು ಹೋಗು ವೈಲೆಟ್,” ಅಂದ.

“ನಾನಾ? ಅವನ ಮುಖ ನೋಡ್ಲಿಕ್ಕೆ? ರಿಯೋನಾಳನ್ನು ಕಳಿಸು. ಎರಡನೇದು ಅವಳಿಗೆ ಅಂತ ತೆಗೆದದ್ದಲ್ವಾ?”

ಅವನು ಟಿಕೆಟಿನ ಅಂಚನ್ನು ಉಗುರಿನಿಂದ ಉಜ್ಜುತ್ತಿದ್ದ. “ಅವಳಿಗೆ ಅಂತ ತೆಗೆದದ್ದಲ್ಲ,” ಅಂದ. ಯಾರಿಗೆಂದು ನನಗೆ ಗೊತ್ತಾಯಿತು. ಸ್ನಾನಕ್ಕೆ ಎದ್ದು ಹೋದ.

ಮರುದಿನ ನಾನು ರಾನ್ಸನಿಗೆ ಫೋನ್ ಮಾಡಿದೆ. ಬೇಡಿಕೊಳ್ಳಲಿಲ್ಲ, ಅಕ್ಕನ ಅಧಿಕಾರ ಚಲಾಯಿಸಿದೆ. “ನನ್ನ ಗಂಡನಿಗೆ ಡ್ಯೂಟಿ, ಮಗಳಿಗೆ ಬ್ಲೌಸ್ ಟ್ರಯಲ್. ಒಬ್ಬಳೇ ಟ್ಯಾಕ್ಸಿಯಲ್ಲಿ ಹೋಗ್ಲಿಕ್ಕೆ ಆಗುದಿಲ್ಲ. ನಿನ್ನ ಕಾರಿನಲ್ಲಿ ಕರ್ಕೊಂಡು ಹೋಗು. ನಾವಿಬ್ಬರೂ ದ್ವೇಷ ಮಾಡುವ ಮನುಷ್ಯನನ್ನು ಒಮ್ಮೆ ಕಣ್ಣಾರೆ ನೋಡಿ ಬರುವ.” ಹಿಂದಿನಿಂದ ಲೊರೈನ್ “ಹೋಗಿ ಬನ್ನಿ, ಎಂತ ಆಗುದಿಲ್ಲ” ಎನ್ನುವುದು ಕೇಳಿಸಿತು. ರಾನ್ಸನ್, “ಖಲಾಸ್, ಆಯ್ತು. ಆ ದಿನ ಆರು ಗಂಟೆಗೆ ಕೆಳಗೆ ನಿಂತಿರು” ಎಂದ.

ಹಾಲ್ ಅರ್ಧ ಖಾಲಿಯಿತ್ತು. ಬಂದವರೂ ಹೆಚ್ಚಿನವರು ತಲೆ ನರೆತ ಬಿಳಿಯರು, ಕೆಲವು ಲೆಬನಾನಿನವರು, ಗೋವಾದವರು. ಹ್ಯಾಸ್ಲಮ್ ಒಂದು ಸ್ಟೂಲಿನ ಮೇಲೆ ಕೂತ. ನಾನು ಹನ್ನೊಂದು ವರ್ಷ ಮನಸ್ಸಿನಲ್ಲಿ ಒಬ್ಬ ರಾಕ್ಷಸನನ್ನು ಸಾಕಿಕೊಂಡಿದ್ದೆ. ಎದುರಿಗೆ ಇದ್ದವನು ಗಂಟು ನೋವಿನ ಮುದುಕ. ಬೆರಳುಗಳನ್ನು ಆಗಾಗ ಬಿಡಿಸಿ ಮಡಿಸುತ್ತಿದ್ದ. ನಮ್ಮ ವಾರ್ಡಿನಲ್ಲಿದ್ದರೆ ನಾನು ಅವನಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೆ. ದನಿ ಸವೆದಿತ್ತು, ಆದರೆ ಅಪಸ್ವರ ಬರಲಿಲ್ಲ. ರಾನ್ಸನ್ ಎದೆಯ ಮೇಲೆ ಕೈ ಕಟ್ಟಿಕೊಂಡು, ಪರೀಕ್ಷೆಯ ಹಾಲಿನಲ್ಲಿ ಕಾವಲಿಗೆ ನಿಂತ ಮೇಷ್ಟ್ರ ಹಾಗೆ ನೋಡುತ್ತಿದ್ದ.

ಒಂಟಿ ಹಾಡುಗಳೆಲ್ಲ ಮುಗಿದ ಮೇಲೆ ಕೊನೆಗೆ ಗ್ರೇ ಪೈಲಟ್ಸ್‌ನ ಆ ಹಾಡು ಎತ್ತಿಕೊಂಡ. ಜನ ಚಪ್ಪಾಳೆ ತಟ್ಟಿದರು. ಪಲ್ಲವಿ ಬಂತು. ಅದರ ಕೊನೆಗೆ, ಫಸ್ಟ್ ನಿಲ್ಲುವಲ್ಲಿ ನಿಂತ. ನಿಂತು, ಮೈಕಿನಿಂದ ಮುಖ ಹಿಂದೆ ತೆಗೆದ. ಗಿಟಾರ್ ನುಡಿಯುತ್ತಲೇ ಇತ್ತು. ಪೆಲ್ಲೊ ಹಾಡಬೇಕಿದ್ದ ಸಾಲು ಪೂರ್ತಿ ಖಾಲಿಯಾಗಿ ಹೋಯಿತು. ಮುದುಕ ಮರೆತ ಎಂದುಕೊಂಡು ಮುಂದಿನ ಸಾಲಿನಲ್ಲಿ ಯಾರೋ ಮೆಲ್ಲನೆ ನಕ್ಕರು. ಎರಡನೇ ಸಲ ಪಲ್ಲವಿ ಬಂದಾಗಲೂ ಹಾಗೆಯೇ ಮಾಡಿದ. ಮೂರನೇ ಸಲ ಯಾರೂ ನಗಲಿಲ್ಲ. ಹಾಡು ಮುಗಿಸಿ, ಆ ಸಾಲು ಟಾಮ್‌ನದು, ಅವನು ತೀರಿಕೊಂಡು ಆರು ವರ್ಷವಾಯಿತು, ನಾವು ಮಾತು ಬಿಟ್ಟದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ಒಬ್ಬನೇ ಹಾಡತೊಡಗಿದ ಮೊದಲ ದಿನದಿಂದಲೂ ನಾನು ಅದನ್ನು ಹಾಡಿಲ್ಲ, ಯಾರಿಗೂ ಹಾಡಲು ಕೊಟ್ಟಿಲ್ಲ ಎಂದ. ಇಷ್ಟನ್ನು ಬಹಳ ಸಾದಾ ಹೇಳಿ ನೀರು ಕುಡಿದ.

ನನಗೆ ಆ ಖಾಲಿ ಜಾಗದ ಪರಿಚಯವಿತ್ತು. ಅದರ ಉದ್ದ ಗೊತ್ತಿತ್ತು, ಅದರಲ್ಲಿ ಸುಮ್ಮನೆ ನಡೆಯುವ ವಾದ್ಯ ಗೊತ್ತಿತ್ತು. ಪ್ರತಿ ಶುಕ್ರವಾರ ನಾನು ಅದರ ಎದುರಿಗೆ ಮೊಣಕಾಲೂರಿ ಕೂತಿದ್ದೆ, ಅದಕ್ಕೆ ಎಕ್ಸ್‌ರೇ ತೆಗೆಸಿದ್ದೆ. ನನಗೆ ಅಲ್ಲಿಯೇ ಅಳು ಬಂತು.

“ಎಂತ ಆಯ್ತು ಬಾಯ್?” ಎಂದು ರಾನ್ಸನ್ ಗಾಬರಿಯಾದ.

“ಯೂಜಿನ್ ಕೂಡ ಹೀಗೇ ಬಿಡ್ತಾನೆ,” ಅಂದೆ. “ನೀನು ಹಾಡ್ತಿದ್ದ ಸಾಲೆಲ್ಲ. ಪೂಜೆಯಲ್ಲೂ ಬಿಡ್ತಾನೆ, ಮದುವೆಯಲ್ಲೂ ಬಿಡ್ತಾನೆ. ಸಿಸಿಲಿಯಾ ಹಾಡ್ಲಿಕ್ಕೆ ಹೋದದ್ದಕ್ಕೆ ಅವಳನ್ನು ಕಣ್ಣಲ್ಲೇ ಸುಟ್ಟ. ನಾನು ಉಸಿರು ಸಾಲುದಿಲ್ಲ ಅಂತ ಮಾಡಿದೆ. ನೀನು ಬೇರೆ ಪೂಜೆಗೆ ಹೋಗ್ತಿ, ನಿನಗೆ ಹೇಗೆ ಗೊತ್ತಾಗ್ಬೇಕು?”

ರಾನ್ಸನ್ ಕಟ್ಟಿದ್ದ ಕೈಗಳನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಕಾರು ಹವಲ್ಲಿ ತಲುಪಿತು. ನಾನು ಗೆದ್ದೆ ಎಂದುಕೊಂಡಿದ್ದೆ. ಇಳಿಯುವಾಗ ಅವನು ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ, “ಖಾಲಿ ಬಿಟ್ಟದ್ದು ಒಳ್ಳೇದೇ ಬಾಯ್. ಆದ್ರೆ ಖಾಲಿ ಇದ್ದದ್ದು ಸೆಕೆಂಡ್ ಅಲ್ವಾ? ಫಸ್ಟ್ ಯಾವತ್ತೂ ಅವನದ್ದೇ. ನನಗೆ ಅಂತ ಇಟ್ಟ ಜಾಗ ಕೂಡ ಕೆಳಗಿನದ್ದೇ.”

ನಿಜ ಹೇಳಿದವನ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳಿದವನ ಮೇಲೂ ಬರುವುದಿಲ್ಲ. ಕಾರಿನ ಬಾಗಿಲನ್ನು ಜೋರಾಗಿಯೇ ಹಾಕಿದೆ.

ಬೆಳಿಗ್ಗೆ ಯೂಜಿನ್ ಡ್ಯೂಟಿ ಮುಗಿಸಿ ಬಂದ. ಚಹಾ, ಕುಬ್ಬೂಸ್ ರೊಟ್ಟಿ ಎದುರಿಗಿಟ್ಟು ಎಲ್ಲವನ್ನೂ ಹೇಳಿದೆ. ಹ್ಯಾಸ್ಲಮನ ಬೆರಳು, ಖಾಲಿ ಸಾಲು, ನನ್ನ ಅಳು. ಅವನು ತಿನ್ನುವುದನ್ನು ನಿಲ್ಲಿಸಿ ಮಕ್ಕಳು ಕಥೆ ಕೇಳುವ ಹಾಗೆ ಕೇಳಿದ. ರಾನ್ಸನ್ ಕೊನೆಗೆ ಹೇಳಿದ್ದನ್ನು ಮಾತ್ರ ಹೇಗೆ ಹೇಳುವುದೆಂದು ತಿಳಿಯದೆ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವನ ಮುಖ ನಿಧಾನಕ್ಕೆ ಕೆಂಪಾಯಿತು. ಚಹಾ ಆರಿತು.

“ಅವನು ಹೇಳಿದ್ದು ಸರಿ,” ಅಂದ. ಇಡೀ ದಾಂಪತ್ಯದಲ್ಲಿ ನನ್ನ ತಮ್ಮನ ಬಗ್ಗೆ ಆ ಮಾತನ್ನು ನಾನು ಅವನ ಬಾಯಿಂದ ಕೇಳಿರಲಿಲ್ಲ.

“ಹಾಗಾದ್ರೆ ಹೋಗಿ ಅವನಿಗೇ ಹೇಳು.”

“ಹೇಳಿದ್ರೆ ಮಾತು ಬೆಳಿತದೆ,” ಎಂದು ಎದ್ದು ಹೋದ. ಆ ವಾರವಿಡೀ ಬಾತ್‌ರೂಮಿನಲ್ಲಿ ಹಾಡು ಕೇಳಿಸಲಿಲ್ಲ. ಬದಲಿಗೆ ಏನೋ ಒಂದು ತಗ್ಗಿನ ದನಿ, ರಾಗವೆಂದು ಗುರುತು ಸಿಗದ ಗುನುಗು. ಮದುವೆಯ ಗಡಿಬಿಡಿಯಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ರೋಸ್‌ನ ದಿನ ಸಂಜೆ ಫ್ಲ್ಯಾಟಿನ ಹಾಲಿನಲ್ಲಿ ಹಂದರ ಹಾಕಿದೆವು. ತೆಂಗಿನ ಗರಿ ಎಲ್ಲಿ ಸಿಗಬೇಕು? ಕೆಳಗಿನ ದಿನಸಿ ಅಂಗಡಿ ಬಕಾಲಾದ ಮುತ್ತಲಿಬ್, ನಮ್ಮ ಉಳ್ಳಾಲದ ಬ್ಯಾರಿ, ಖರ್ಜೂರದ ಗರಿ ಹೊಂದಿಸಿ ತಂದ. ತೆಂಗಿನಕಾಯಿಯನ್ನೂ ಅವನೇ ಆರಿಸಿ ಕೊಟ್ಟ. ಮದುಮಗಳ ತಲೆಗೆ ಪುಡಿಯ ಹಾಲು ಹಾಕಬೇಡಿ ಅಕ್ಕ ಎಂದು ತಾಕೀತು ಮಾಡಿದ. ಕೊನ್ರಾಡ್ ಗುಮಟೆ ಹಿಡಿದು ಕೂತ, ರೋಕ್ ಕೀಬೋರ್ಡ್ ಜೋಡಿಸಿದ. ಹೆಂಗಸರೆಲ್ಲ ಬಂದರು. ಮಾವ ಬರಲಿಲ್ಲ.

“ಹೊತ್ತಾಯ್ತು ವೈಲೆಟ್, ಕೊನ್ರಾಡ್ ಕೈ ಹಿಡಿಲಿ,” ಎಂದಳು ಸಿಸಿಲಿಯಾ.

“ಕೊನ್ರಾಡ್ ನನ್ನ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ,” ಎಂದೆ. ಬಾಗಿಲು ತೆರೆದು ಲಿಫ್ಟಿನ ಕಡೆ ನೋಡುತ್ತ ನಿಂತೆ.

ಲಿಫ್ಟಿನ ಬಾಗಿಲು ತೆರೆದಾಗ ಮೊದಲು ಬಂದವಳು ಲೊರೈನ್. ಅವಳ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ರಾನ್ಸನ್. ಲೊರೈನ್ ನನ್ನ ಕಿವಿಯಲ್ಲಿ, “ಕೈ ಹಿಡಿಲಿಕ್ಕೆ ಮಾತ್ರ ಬಂದದ್ದು ಬಾಯ್. ಊಟಕ್ಕೆ ನಿಲ್ಲುದಿಲ್ಲವಂತೆ” ಎಂದಳು. ರಾನ್ಸನ್ ಯೂಜಿನನ ಎದುರಿನಿಂದಲೇ ಹಾದು ಒಳಗೆ ಹೋದ. ಇಬ್ಬರೂ ತಲೆ ಆಡಿಸಿದರು, ಆಸ್ಪತ್ರೆಯ ಲಿಫ್ಟಿನಲ್ಲಿ ಗುರುತಿಲ್ಲದವರು ಆಡಿಸುವ ಹಾಗೆ. ಒಳಗಿನ ಕೋಣೆಯಿಂದ ರಿಯೋನಾಳ ಕೈಹಿಡಿದು ಕರೆತಂದ. ಅವಳು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಅವಳನ್ನು ಮಣೆಯ ಮೇಲೆ ಕೂರಿಸಿ, ಪದ್ಧತಿಯ ಹಾಗೆ ಪಕ್ಕದಲ್ಲಿ ನಿಂತ. ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ದೇವರಿಗೆ ಸ್ತುತಿ ಹೇಳಿದೆ, ಆದರೆ ಪೂರ್ತಿ ಮನಸ್ಸಿನಿಂದ ಹೇಳಲು ಆಗಲಿಲ್ಲ.

ಮೊದಲು ನಾನು ತೆಂಗಿನಹಾಲಿನಲ್ಲಿ ಬೆರಳದ್ದಿ ಮಗಳ ಹಣೆಗೆ ಶಿಲುಬೆಯ ಗುರುತು ಹಾಕಿದೆ. ರೋಕ್ ಹಂದರದ ಹಾಡಿನ ಶ್ರುತಿ ಹಿಡಿದ. ಯೂಜಿನ್ ಬಾಗಿಲ ಹತ್ತಿರ ನಿಂತು ಹಾಡತೊಡಗಿದ.

ಹಾಡು ಯಾರಿಗೂ ಗುರುತು ಸಿಗಲಿಲ್ಲ. ಮಾತು ಅದೇ, ಆದರೆ ರಾಗ ಎಲ್ಲೂ ಏಳುವುದಿಲ್ಲ, ಒಂದೆರಡು ಸ್ವರಗಳಲ್ಲೇ ತಗ್ಗಿ ನಡೆಯುತ್ತದೆ, ಮಾಡು ಹೊದಿಸದ ಮನೆಯ ಹಾಗೆ. ರೋಕನ ಬೆರಳು ತಡವರಿಸಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೂ ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಬಾತ್‌ರೂಮಿನ ಗುನುಗು ನೆನಪಾಯಿತು. ಅವನು ಸೆಕೆಂಡ್ ಹಾಡುತ್ತಿದ್ದ. ಬದುಕಿನಲ್ಲಿ ಮೊದಲ ಸಲ ಕೆಳಗಿನ ದನಿ ಹಿಡಿದು, ಮೇಲಿನದನ್ನು ಖಾಲಿ ಬಿಟ್ಟು ಹಾಡುತ್ತಿದ್ದ. ಕಣ್ಣು ನೆಲದ ಮೇಲಿತ್ತು.

ಖಾಲಿ ಜಾಗ ಕಂಡ ಸಿಸಿಲಿಯಾ ಫಸ್ಟ್ ಹಾಡಲು ಉಸಿರೆಳೆದಳು. ನಾನು ತೆಂಗಿನಹಾಲಿನ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದೆ. “ಬಾಯಿ ತೆಗೀಬೇಡ,” ಎಂದೆ. ಅವಳು ತೆಗೆಯಲಿಲ್ಲ.

ಮೊದಲ ಚರಣ ಹಾಗೆಯೇ ಹೋಯಿತು. ರಾನ್ಸನ್ ಗೋಡೆ ನೋಡುತ್ತಿದ್ದ. ಎರಡನೇ ಚರಣಕ್ಕೆ ಯೂಜಿನನ ದನಿಯೂ ಅಲುಗಾಡತೊಡಗಿತು. ಮೇಲಿನ ದನಿ ಕೇಳಿಸದೆ ಕೆಳಗಿನದನ್ನು ಹಿಡಿದು ನಡೆಯುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಾಗುತ್ತಿತ್ತು. ಆದರೂ ಬಿಡಲಿಲ್ಲ. ಹಾಲು ಸುರಿಯುತ್ತಿದ್ದ ಮುಖವನ್ನು ಮೇಲೆತ್ತಿ ರಿಯೋನಾ ಮೆಲ್ಲನೆ ಹೇಳಿದಳು, “ಮಾಮ, ಹೀ ಈಸ್ ವೇಟಿಂಗ್ ಫಾರ್ ಯು.”

ರಾನ್ಸನ್ ಹಾಡಿದ. ಶ್ರುತಿ ಅವನಿಗೆ ಎತ್ತರವಾಯಿತು, ಎರಡನೇ ಮಾತಿಗೇ ದನಿ ಒಡೆಯಿತು. ಹನ್ನೊಂದು ವರ್ಷ ಹಾಡದ ಗಂಟಲು, ಒಮ್ಮೆಯೂ ಫಸ್ಟ್ ಹಾಡದ ಗಂಟಲು. ಇಡೀ ಕೋಣೆಗೆ ಅದು ಕೇಳಿಸಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಯೂಜಿನ್ ಕೈಸನ್ನೆ ಮಾಡಿದ, ರೋಕ್ ಶ್ರುತಿ ಇಳಿಸಿದ. ರಾನ್ಸನ್ ಮತ್ತೆ ಮೊದಲಿನಿಂದ ಎತ್ತಿಕೊಂಡ. ಈ ಸಲ ರಾಗ ನಿಂತಿತು. ಒರಟು ದನಿ, ಆದರೆ ರಾಗ ನಮ್ಮೆಲ್ಲರಿಗೂ ಗೊತ್ತಿದ್ದ ಅದೇ ರಾಗ. ಅದರ ಕೆಳಗೆ, ಅವನು ಎಳೆದಲ್ಲಿ ಎಳೆದು, ತಡೆದಲ್ಲಿ ತಡೆದು, ಯೂಜಿನ್ ಅವನ ಹಿಂದೆ ನಡೆದ.

ಪಲ್ಲವಿಯ ಕೊನೆ ಬಂತು. ಫಸ್ಟ್ ನಿಲ್ಲಬೇಕಾದ ಜಾಗ. ರಾನ್ಸನ್ ನಿಂತ, ನಿಂತು ಮೊದಲ ಸಲ ಭಾವನ ಮುಖ ನೋಡಿದ. ಯೂಜಿನ್ ಒಬ್ಬನೇ ಆ ಸಾಲನ್ನು ಹಾಡಿದ. ನೀನು ಬರುವ ತನಕ ಹಂದರ ಬಿಚ್ಚುವುದಿಲ್ಲ. ಅಷ್ಟು ವರ್ಷ ಯಾರ ಬಾಯಿಗೂ ಕೊಡದೆ ಇಟ್ಟಿದ್ದ ಸಾಲು. ಅದನ್ನು ಬರೆದವನು ರಿಯೋನಾಳ ಹೆಗಲ ಮೇಲೆ ಕೈಯಿಟ್ಟು ಕೇಳಿಸಿಕೊಂಡ. ಆಮೇಲೆ ಇಬ್ಬರೂ ಕೂಡುವ ಜಾಗ ಬಂತು, ಕೂಡಿದರು.

ನಾನು ಸಿಸಿಲಿಯಾಳ ಕೈ ಬಿಟ್ಟೆ. ಅಡುಗೆಮನೆಗೆ ಹೋಗಿ ಊಟಕ್ಕೆ ಇನ್ನೆರಡು ತಟ್ಟೆ ತೆಗೆದಿಟ್ಟೆ.